ಒಂದೇ ಒಲೆಯ ಪಾಲುದಾರರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಇರಲಿ ಬಿಡಿ. ಆ ಸಿಟ್ಟಿಲ್ಲದಿದ್ದರೆ ನಮ್ಮ ಚಟ್ನಿಪುಡಿಯ ಪ್ಯಾಕೆಟ್ಟು ಇವತ್ತು ಹಳೇಬೀಡಿನ ಅಂಗಡಿಯಲ್ಲಿ ಇರುತ್ತಿರಲಿಲ್ಲ.

ಅರಸೀಕೆರೆಯ ನಮ್ಮ ಮನೆಯಲ್ಲಿ ಪುಡಿ ಮಾಡುವವಳು ನನ್ನ ವಾರಗಿತ್ತಿ, ಎಂದರೆ ಮೈದುನನ ಹೆಂಡತಿ. ಬಾಣಲೆಯಲ್ಲಿರುವ ಕೊಬ್ಬರಿಯನ್ನು ಯಾವ ಗಳಿಗೆಯಲ್ಲಿ ಇಳಿಸಬೇಕೆಂದು ಅವಳ ಮೂಗಿಗೇ ಗೊತ್ತು. ಮಾರುವವಳು ನಾನು. ಬಸ್ಸಿನಲ್ಲಿ ಚೀಲ ಹಾಕಿಕೊಂಡು ಹೋಗಿ, ಹಳೇಬೀಡಿನ ದೇವಸ್ಥಾನದ ಹತ್ತಿರದ ಅಂಗಡಿಗೆ ಕೊಟ್ಟು ಬರುತ್ತಿದ್ದೆ. ಒಂದು ದಿನ ಅಂಗಡಿಯವನು ಚೀಲ ಬಿಚ್ಚಲೇ ಇಲ್ಲ.

"ಅಕ್ಕಾ, ಇನ್ಮೇಲೆ ಪ್ಯಾಕೆಟ್ ಮೇಲೆ ಲೈಸೆನ್ಸ್ ನಂಬರ್ ಇರ್ಬೇಕು, ಬಿಲ್ಲೂ ಬೇಕು. ಒಂದು ತಿಂಗ್ಳು ಟೈಮ್ ತಗಳ್ಳಿ. ಆಮ್ಯಾಕೆ ನಾನು ಇಡಂಗಿಲ್ಲ."

ನಮಗಿದ್ದ ದೊಡ್ಡ ಗಿರಾಕಿ ಅವನೊಬ್ಬನೇ. ದಾರಿಯುದ್ದಕ್ಕೂ ಗೊಣಗಿಕೊಂಡು ಬಂದೆ. ಲೈಸೆನ್ಸು, ಬಿಲ್ಲು, ತೆರಿಗೆ ಎಲ್ಲ ಒಟ್ಟಿಗೇ ಕೇಳಿಬಿಡೋಣವೆಂದು ಮಾರನೆಯ ಬೆಳಿಗ್ಗೆ ಆಡಿಟರ್ ಆಫೀಸಿನ ಬಾಗಿಲು ತೆಗೆಯುವ ಮೊದಲೇ ಅಲ್ಲಿ ನಿಂತಿದ್ದೆ.

ಆಡಿಟರ್ ಸಮಾಧಾನದ ಮನುಷ್ಯ. ಕೈಗೆ ಬಂದದ್ದಕ್ಕೆಲ್ಲ ತೆರಿಗೆ ಎಂದುಕೊಂಡು ಜಗಳಕ್ಕೇ ಹೋಗಿದ್ದ ನನಗೆ, ವಹಿವಾಟು ಬೇರೆ, ಖರ್ಚು ಕಳೆದು ಉಳಿಯುವ ಲಾಭ ಬೇರೆ, ಆದಾಯ ತೆರಿಗೆ ಆ ಲಾಭಕ್ಕೆ ಎಂದು ಬಿಡಿಸಿ ಹೇಳಿದರು. ನಮ್ಮಷ್ಟು ಸಣ್ಣ ವಹಿವಾಟಿಗೆ ಸದ್ಯಕ್ಕೆ ಜಿಎಸ್‌ಟಿ ಬೇಕಿಲ್ಲವಂತೆ. ಆಮೇಲೆ ಕೇಳಿದರು:

"ವ್ಯಾಪಾರ ಯಾರ ಹೆಸರಲ್ಲಿ ಮೇಡಂ? ನಿಮ್ಮೊಬ್ಬರ ಹೆಸರಲ್ಲಾದ್ರೆ ಸುಲಭ, ನಿಮ್ಮ ಪ್ಯಾನೇ ಸಾಕು. ಪಾಲುದಾರಿಕೆ ಆದ್ರೆ ಸಂಸ್ಥೆಗೇ ಬೇರೆ ಪ್ಯಾನ್, ಬೇರೆ ರಿಟರ್ನ್. ಇಷ್ಟು ಆದಾಯದವರೆಗೆ ತೆರಿಗೆ ಇಲ್ಲ ಅಂತ ನಮಗೆ ನಿಮಗೆ ಇರುತ್ತಲ್ಲ, ಅದು ಸಂಸ್ಥೆಗಿಲ್ಲ, ಮೊದಲ ರೂಪಾಯಿ ಲಾಭದಿಂದಲೇ ಕಟ್ಟಬೇಕು."

"ಹುರಿಯೋಳು ನನ್ ವಾರಗಿತ್ತಿ ಸಾರ್. ಅವಳ ಹೆಸರಿಲ್ದೆ ನಾನು ಯಾವ ಮುಖ ಇಟ್ಕೊಂಡು ಮಾರ್ಲಿ? ಪಾಲುದಾರಿಕೆನೇ ಬರೀರಿ."

ಬರೆಸಿಕೊಟ್ಟರು. ಮಾವ ತೀರಿದ ಮೇಲೆ ಮನೆ ಅತ್ತೆಯ ಹೆಸರಿಗೆ ಬಂದಿರುವುದರಿಂದ, ಅಲ್ಲಿ ವ್ಯಾಪಾರ ನಡೆಸುವ ಲೈಸೆನ್ಸಿಗೆ ಅವರ ಒಪ್ಪಿಗೆ ಪತ್ರಕ್ಕೂ ಸಹಿ ಬೇಕು ಎಂದರು. ಅದೇನು ಮಹಾ! ಎರಡೂ ಕಾಗದ ತಂದು ದೇವರ ಮುಂದಿಟ್ಟು, ಕೊಬ್ಬರಿ ತರಲು ಹೋದೆ.

ವಾಪಸು ಬಂದಾಗ ಅತ್ತೆ ಅಡುಗೆಮನೆಯ ನಡುವೆ ಕೂತು ಪಾತ್ರೆಗಳನ್ನು ಎರಡು ಗುಡ್ಡೆ ಮಾಡುತ್ತಿದ್ದರು. ಅತ್ತ ಒಂದು ಚೊಂಬು, ಇತ್ತ ಒಂದು ಚೊಂಬು. ವಾರಗಿತ್ತಿ ಬಾಗಿಲಲ್ಲಿ ಅಳುತ್ತಾ ನಿಂತಿದ್ದಳು.

"ಇದೇನ್ ಅತ್ತೆ?"

"ನೀವೇ ಬಾಂಡ್ ಪೇಪರ್ ತಂದು ಮಡಗಿದ್ದೀರಲ್ಲ. ಪಾಲು ಅಂತ ದಪ್ಪಕ್ಷರದಾಗೆ ಬರ್ದೈತೆ. ಅಷ್ಟು ಓದಕ್ಕೆ ಬತ್ತದೆ ನಂಗೂ. ಬೇರೆ ಆಗೋದಾದ್ರೆ ಆಗ್ರವ್ವ. ಒರಳುಕಲ್ಲು ಮಾತ್ರ ಒಂದೇ ಐತೆ, ಅದನ್ನ ಹೆಂಗೆ ಒಡ್ಕತೀರೋ ಒಡ್ಕಳಿ."

ನಮ್ಮ ಕಡೆ ಛಾಪಾಕಾಗದದ ಮೇಲೆ ಪಾಲು ಎಂದಿದ್ದರೆ ಅದಕ್ಕೆ ಒಂದೇ ಅರ್ಥ: ಅಣ್ಣತಮ್ಮಂದಿರು ಮನೆ ಒಡೆಯುತ್ತಿದ್ದಾರೆ. ನಾನು ಗೊಳ್ಳೆಂದು ನಕ್ಕುಬಿಟ್ಟೆ. ಅತ್ತೆ ತಲೆ ಎತ್ತದೆ, ಇನ್ನೊಂದು ಚೊಂಬನ್ನು ಸೆರಗಿನಿಂದ ಒರೆಸಿ ವಾರಗಿತ್ತಿಯ ಗುಡ್ಡೆಗೆ ಇಟ್ಟರು. ನಕ್ಕಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

"ಅಯ್ಯೋ, ಇದು ಒಡೆಯೋ ಪಾಲಲ್ಲ ಅತ್ತೆ, ಕೂಡೋ ಪಾಲು."

"ಕೂಡಕ್ಕೆ ಯಾರಾದ್ರೂ ಪಾಲು ಅಂತಾರೇನೇ? ನಾನು ಸೈನ್ ಹಾಕಕ್ಕಿಲ್ಲ."

ಎರಡು ವಾರ ಹಾಗೇ ಕಳೆಯಿತು. ವಾರಗಿತ್ತಿ ಮೆಲ್ಲಗೆ, "ಅಕ್ಕಾ, ನಿಮ್ಮ ಹೆಸರಲ್ಲೇ ಮಾಡಿಸ್ಬಿಡಿ, ಪಾಲು ಅನ್ನೋ ಮಾತೇ ಬೇಡ" ಎಂದಳು. "ಬಾಯಿ ಮುಚ್ಕೊಂಡು ಹುರಿಯೇ!" ಎಂದು ರೇಗಿದೆ. ನಿಜ ಹೇಳುತ್ತೇನೆ, ಒಂದಿಡೀ ದಿನ ನನಗೂ ಆ ಆಸೆ ಬಂದಿತ್ತು. ತೆರಿಗೆ ಕಡಿಮೆ, ರಗಳೆ ಕಡಿಮೆ, ಅಂಗಡಿಯೂ ಉಳಿಯುತ್ತದೆ. ಆದರೆ ಆಗ ಅವಳು ನನ್ನ ವ್ಯಾಪಾರದಲ್ಲಿ ಯಾರು? ಕಾಗದದ ಲೆಕ್ಕದಲ್ಲಿ ಯಾರೂ ಅಲ್ಲ. ಅದು ನನಗೆ ಸೇರಲಿಲ್ಲ.

ಮಾರನೆಯ ದಿನ ಊಟವಾದ ಮೇಲೆ ಅತ್ತೆಯನ್ನು ಜಗಲಿಯಲ್ಲಿ ಕೂರಿಸಿಕೊಂಡು ಪಾಲುದಾರಿಕೆ ಪತ್ರವನ್ನು ಮೊದಲಿನಿಂದ ಓದಿದೆ. ಒಂದನೇ ಪಾಲುದಾರರು ಎಂದು ನನ್ನ ಹೆಸರು, ಎರಡನೇ ಪಾಲುದಾರರು ಎಂದು ಅವಳ ಹೆಸರು. ಲಾಭವಾಗಲಿ ನಷ್ಟವಾಗಲಿ ಇಬ್ಬರಿಗೂ ಸಮ.

ಅತ್ತೆ ತಡೆದರು. "ಗಂಡಸ್ರ ಹೆಸರು ಯಾವಾಗ ಬತ್ತದೆ?"

"ಇಂಥವರ ಹೆಂಡತಿ ಅಂತ ಗುರುತಿಗೆ ಬಂದಿದೆಯಲ್ಲ, ಅಷ್ಟೇ. ಪಾಲುದಾರರು ನಾವಿಬ್ಬರೇ."

ಅತ್ತೆ ಬಗ್ಗಿ, ನಾನು ಬೆರಳಿಟ್ಟು ತೋರಿಸಿದ ಎರಡು ಹೆಸರನ್ನೂ ನೋಡಿದರು.

"ನಮ್ಮಾವನ ಮನೆ ಪಾಲಾದಾಗ ನಂಗೂ ಹಿಂಗೇ ಓದಿ ಹೇಳಿದ್ರು. ಎತ್ತು, ಗಾಡಿ, ತೆಂಗಿನ ಮರ, ಕಡೀಗೆ ಹಂಡೆಯೂ ಇತ್ತು. ನನ್ ಹೆಸರಿರ್ಲಿಲ್ಲ ಕಣೇ." ಕೈ ಚಾಚಿದರು. "ತಾ ಇತ್ಲಾಗೆ."

ಒಂದೊಂದೇ ಅಕ್ಷರ ಕೂಡಿಸಿ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದರು. ಪೆನ್ನು ಕೊಡುತ್ತಾ, "ಎರಡನೇದು ಯಾರ ಹೆಸರು ಅಂದೆ? ಇನ್ನೊಂದ್ಸಲ ಗಟ್ಟಿಯಾಗಿ ಓದು, ಒಳಗಿರೋಳಿಗೂ ಕೇಳ್ಲಿ" ಎಂದರು. ಗಟ್ಟಿಯಾಗಿ ಓದಿದೆ.

ಒಳಗಿನಿಂದ ಸ್ವಲ್ಪ ಹೊತ್ತಿಗೆ ಸೀದ ವಾಸನೆ ಬಂತು. ಎದ್ದು ಹೋಗಿ ನೋಡಿದರೆ, ಅವಳು ಕಣ್ಣಿಗೆ ಸೆರಗು ಒತ್ತಿಕೊಂಡು ಒಲೆಯ ಮುಂದೆ ನಿಂತಿದ್ದಳು, ಬಾಣಲೆಯಲ್ಲಿ ಕೊಬ್ಬರಿ ಕಪ್ಪಗಾಗಿತ್ತು. ಅವಳ ಕೈಯಲ್ಲಿ ಕೊಬ್ಬರಿ ಸೀದದ್ದು ಅದೊಂದೇ ಸಲ. ನಾನು ಬಯ್ಯದೆ ಒಲೆ ಆರಿಸಿದ್ದೂ ಅದೊಂದೇ ಸಲ.