ನೀರಿನ ಭರೋಸಾ

ಮಂಠಾಳ ಊರಿನ ಕಮ್ಮಾರರೊಬ್ಬರು ಯಾರ ಕೊಡಲಿ ಕೈಗೆ ಬಂದರೂ ಮೊದಲು ಅದರ ಮರದ ಕಾವನ್ನು ಮೂಸಿ ನೋಡುತ್ತಿದ್ದರು. ಹಸಿ ವಾಸನೆ ಬಂದರೆ ಸಾಕು, “ನೀರಿನ ಮ್ಯಾಲ ಭರೋಸಾ ಇಡಬ್ಯಾಡ್ರಿ” ಅನ್ನುತ್ತಿದ್ದರು.

ಸಡಿಲಾದ ಕೊಡಲಿಯನ್ನು ನೀರಲ್ಲಿ ನೆನೆಸಿ, ಕಾವು ಉಬ್ಬಿಸಿ ಬಿಗಿ ಮಾಡುವುದು ನಮ್ಮ ಕಡೆಯ ರೂಢಿ. ನಾನೂ ಹಾಗೇ ಮಾಡಿ, ಬರೀ ಸಾಣೆ ಹಿಡಿಸಲು ಒಯ್ದಿದ್ದೆ. ಅವರು ಅದನ್ನು ಎರಡು ದಿನ ಬಿಸಿಲಿಗಿಟ್ಟರು. ನನಗೆ ಸಿಟ್ಟೇ ಬಂದಿತ್ತು.

ಮತ್ತೆ ಹೋದಾಗ ಅವರ ಹೆಂಡತಿ ಚಹಾ ತಂದರು. ಆಕೆಯ ಹುಬ್ಬಿನಿಂದ ಕಿವಿಯವರೆಗೆ ಹಳೆಯ ಗಾಯದ ಗೆರೆ. ಆಕೆ ಒಳಗೆ ಹೋಗುವವರೆಗೂ ಕಾದು, ಅವರು ನನ್ನ ಕೊಡಲಿಯನ್ನು ಹಿತ್ತಲ ಗೋಡೆಯತ್ತ ಬೀಸಿದರು. ಒಣಗಿ ಕುಗ್ಗಿದ ಕಾವು ಕೈಯಲ್ಲೇ ಉಳಿಯಿತು. ಕಬ್ಬಿಣ ಹಾರಿ ಮಣ್ಣಿನ ಗೋಡೆಗೆ ನಾಟಿತು.

ಆಮೇಲೆ ತಾವು ಹೊಸದಾಗಿ ಮಾಡಿದ ಕೊಡಲಿ ತೋರಿಸಿದರು. ಅದರ ತೂತು ಮೇಲೆ ಅಗಲ, ಕೆಳಗೆ ಕಿರಿದು. ಕಾವನ್ನು ಮೇಲಿನಿಂದ ಇಳಿಸಬೇಕು, ಬೀಸಿದಷ್ಟೂ ಬಿಗಿಯಾಗುತ್ತದೆ.

“ಗುದ್ದಲಿಗೇ ಹಿಂಗ ಮ್ಯಾಲಿಂದ ಕಾವು ಹಾಕತಾರ. ಹುಮನಾಬಾದ ಸಂತ್ಯಾಗ ಮಂದಿ ಇದಕ್ಕ ಗುದ್ದಲಿ ಅಂತ ನಗತಾರ್ರಿ.”

“ನಿಮಗ ಇದು ಹ್ಯಾಂಗ ಹೊಳೀತ್ರಿ?” ಎಂದೆ.

ಅವರು ಒಳಬಾಗಿಲ ಕಡೆ ನೋಡಿದರು. ದನಿ ತಗ್ಗಿಸಿದರು.

“ಆಕಿಗೆ ಬಡದದ್ದು ನಾ ಮಾಡಿದ ಕೊಡಲೀನೇ ರೀ. ನೀರಾಗ ನಾನೇ ನೆನೆಸಿಟ್ಟಿದ್ದೆ.”