ಹೊಳೆ ದಾಟೋವರೆಗೆ ಗ್ಯಾರಂಟಿ

ಹೊಳೆದಂಡೆಯ ಬೀದಿಯಲ್ಲಿ ಬೂಟು ಹೊಲಿಯುವ ಗ್ಯಾರಂಟಿ ತಾತ ಗಿರಾಕಿಯ ಮುಖ ನೋಡಿದವನೇ ಅಲ್ಲ. ಅವನ ಪಾಲಿಗೆ ಲೋಕವೆಂದರೆ ಮೊಣಕಾಲಿನಿಂದ ಕೆಳಗೆ. ಬೈಯದೆ ಒಂದು ಮೊಳೆ ಹೊಡೆದವನೂ ಅಲ್ಲ. ಸೋತ ಸೈನ್ಯ ಹೊಳೆ ದಾಟಲು ಹಿಂದಕ್ಕೆ ಓಡಿಬಂದಾಗ, ಬೆನ್ನಿಗೇ ಫಿರಂಗಿ ಗುಡುಗುತ್ತಿದ್ದರೂ, "ಬೂಟೋ ಜರಡಿಯೋ ಇದು?" ಎಂದು ಸಿಪಾಯಿಗಳನ್ನು ಸಾಲಾಗಿ ಕೂರಿಸಿ ಬೈದ, ಹೊಲಿದ, "ಹೊಳೆ ದಾಟೋವರೆಗೆ ಗ್ಯಾರಂಟಿ, ಆಮೇಲೆ ನಿನ್ನ ಹಣೆಬರಹ" ಎಂದು ಕಳಿಸಿದ. ಅದೇ ಸಾಲಿನಲ್ಲಿ ಬಂದ ಅಳಿಯನಿಗೆ, ಸ್ವಂತ ಮಗಳ ಗಂಡನಿಗೆ, ಎಲ್ಲರಿಗಿಂತ ಒಂದು ಕೈ ಹೆಚ್ಚು ಬೈಗುಳ, ಎಡಗಾಲು ಸೊಟ್ಟಗೆ ಹಾಕಿ ಹಿಮ್ಮಡಿ ಸವೆಸುತ್ತಾನೆಂದು. ಎಡಗಡೆ ಬೂಟಿಗೆ ಮಾತ್ರ ಒಂದು ತುಂಡು ತೊಗಲು ಹೆಚ್ಚಿಗೆ ಕೊಟ್ಟು, ಕೆಂಪು ದಾರದಲ್ಲಿ ಎರಡೆಳೆ ಹೊಲಿದು, "ನಿನಗೂ ಅಷ್ಟೇ ಕಣಯ್ಯಾ, ಹೊಳೆ ದಾಟೋವರೆಗೆ" ಅಂದ. ಮೂರನೆಯ ದಿನ ಅವರನ್ನು ಅಟ್ಟಿಸಿಕೊಂಡು ಬಂದ ಸೈನ್ಯ ಬೀದಿ ತುಂಬಿತು. ಕಾಲು ಯಾರದಾದರೇನು, ತಾತ ಅವರಿಗೂ ಬೈದ, ಹೊಲಿದ. ಒಬ್ಬ ಸಿಪಾಯಿ ಬೂಟು ಬಿಚ್ಚಿ ಮುಂದಿಟ್ಟ. "ಎಡಗಡೇದು ಯಾಕೋ ಎತ್ತರ ತಾತ, ಕುಂಟೋ ಹಾಗಾಗುತ್ತೆ. ಆ ತುಂಡು ಕಿತ್ತುಬಿಡು." ತಾತನ ಹೆಬ್ಬೆರಳು ಕೆಂಪು ದಾರದ ಮೇಲೆ ನಿಂತಿತು. ಒಂದೆಳೆಯೂ ಬಿಟ್ಟಿರಲಿಲ್ಲ. "ಇದೆಲ್ಲಿ ಸಿಕ್ತಪ್ಪ?" "ಇಲ್ಲೇ, ಹೊಳೆಯ ಈಚೆ ದಡದಲ್ಲಿ." ತಾತ ಮೊದಲ ಸಲ ತಲೆಯೆತ್ತಿ ಗಿರಾಕಿಯ ಮುಖ ನೋಡಿದ. ಆಮೇಲೆ ತಲೆ ತಗ್ಗಿಸಿ ಇಕ್ಕಳ ತೆಗೆದುಕೊಂಡ. ಒಳಗಿನಿಂದ ಮಗಳು ಕೂಗಿದಳು: "ಯಾಕಪ್ಪಾ, ಬೈಯೋದು ನಿಲ್ಲಿಸಿಬಿಟ್ಟೆ?"