ಮೊಮ್ಮಗಳು ಚಾದರ ಬದಲಿಸಿದ ದಿನ

ನಾನು ಶಾಲೆ ಬಿಟ್ಟದ್ದು ಎರಡನೇ ಇಯತ್ತೆಗೆ. ಆದರೂ ಈ ಸಂತೋಷವನ್ನು ಬೇರೆಯವರ ಕೈಯಿಂದ ಬರೆಸುವ ಮನಸ್ಸಾಗಲಿಲ್ಲ. ಅಕ್ಷರ ಡೊಂಕಾದರೆ ಆಗಲಿ.

ನಮ್ಮ ಕಡೆಯ ಊರುಗಳು ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಹಿರಿಯ ಮೊಮ್ಮಗಳು ಗೋಕಾಕದ ಒಂದು ದವಾಖಾನೆಯಲ್ಲಿ ನರ್ಸ್ ಕೆಲಸ ಕಲಿಯುತ್ತಿದ್ದಳು. ರಜೆಗೆ ಹುಕ್ಕೇರಿಗೆ ಬಂದವಳು ಊಟಕ್ಕೂ ಏಳದೆ ಮುಖ ಊದಿಸಿಕೊಂಡು ಕೂತಳು.

“ಬರಿಯೂದ್ರಾಗ ಪಾಸಾಗೇನಿ ಆಯಿ. ವಾರ್ಡಿನ್ಯಾಗ ಸಿಸ್ಟರ್ ಮಂಚದ ಕಾಲಕಡಿ ನಿಂತು ಸುಮ್ನ ನೋಡಿದ್ರ ಸಾಕು, ಕೈ ಗಡಗಡ ನಡಗ್ತಾವ. ಈ ಸಲಾನೂ ನಡುಗಿದ್ರ ಮನಿಗಿ ಕಳಸ್ತಾರ.”

ರೋಗಿಯನ್ನು ಎಬ್ಬಿಸದೆ, ಮಲಗಿದ್ದಂತೆಯೇ ಹಾಸಿಗೆಯ ಚಾದರ ಬದಲಿಸುವುದು ಅವಳ ಪರೀಕ್ಷೆ.

“ಇಷ್ಟಕ್ಕ ಅಳತೀಯೇನ? ನಾ ಮಲ್ಕೋತೇನಿ, ಮಾಡು” ಎಂದು ಮಂಚದ ಮೇಲೆ ಉರುಳಿದೆ. ಅವಳು ನನ್ನನ್ನು ಒಂದು ಮಗ್ಗುಲಿಗೆ ಹೊರಳಿಸಿ, ಹಳೆಯ ಚಾದರವನ್ನು ಬೆನ್ನಿನ ತನಕ ಸುತ್ತಿ, ಹೊಸದನ್ನು ಹಾಸಿ, ಮತ್ತೆ ಅತ್ತ ಹೊರಳಿಸಬೇಕು. ನನಗೆ ಸುಮ್ಮನೆ ಮಲಗಿ ಗೊತ್ತೇ?

“ನಾ ಏನ್ ಜ್ವಾಳದ ಚೀಲ ಅಂತ ತಿಳದೀಯೇನ? ಸಾವಕಾಶ!”

“ಪೇಷಂಟ್ ಹಿಂಗ ಬಾಯಿ ಮಾಡೂದಿಲ್ಲ ಆಯಿ!”

“ಮಾಡಿದ್ರ ಏನ್ ಮಾಡ್ತಿ?”

ರಜೆ ಮುಗಿಯುವ ತನಕ ನಾನು ಬೈಯುವುದು, ಅವಳು ತಿರುಗಿ ಅನ್ನುವುದು. ಕೊನೆಕೊನೆಗೆ ನನ್ನ ಬೈಗುಳ ಕೇಳಿ ನಗುತ್ತಲೇ ಕೆಲಸ ಮುಗಿಸುತ್ತಿದ್ದಳು.

ಪರೀಕ್ಷೆಯ ದಿನ ಶೇಂಗಾ ಹೋಳಿಗೆ ಕಟ್ಟಿಕೊಂಡು ಗೋಕಾಕದ ಬಸ್ಸು ಹತ್ತಿದೆ. ವಾರ್ಡಿನ ಹೊರಗೆ, ಕಿಟಕಿಯ ಕೆಳಗೆ ಕೂತೆ. ಒಳಗಿದ್ದ ರೋಗಿ ಕೌಜಲಗಿಯ ಮುದುಕಿ, ನನ್ನ ವಯಸ್ಸಿನವಳೇ. ಜ್ವರ ಇಳಿದಿತ್ತು, ಬಾಯಿ ಇಳಿದಿರಲಿಲ್ಲ. ನಮ್ಮವಳಿಗಿಂತ ಮೊದಲು ಹೋದ ಹುಡುಗಿ ಕಣ್ಣೊರೆಸಿಕೊಳ್ಳುತ್ತ ಹೊರಬಂದಳು.

ನಮ್ಮವಳು ಒಳಗೆ ಹೋದಳು.

“ಮತ್ತೊಬ್ಬಾಕಿ ಬಂದ್ಲಪಾ! ಮುಂಜಾನಿಂದ ರೊಟ್ಟಿ ತಿರಿವಿ ಹಾಕಿದಂಗ ಹಾಕಾಕತ್ತೀರಲ್ಲ ನನ್ನ!” ಎಂದು ಮುದುಕಿ ಗದರಿದಳು.

ಮುಗೀತು, ಕೈ ನಡುಗಿತು ಅಂದುಕೊಂಡೆ. ಅಷ್ಟರಲ್ಲಿ ಮೊಮ್ಮಗಳ ನಗು ಕೇಳಿಸಿತು.

“ಒಂದ ಮಗ್ಗಲಾ ಬೆಂದೈತ್ರಿ ಆಯಿ, ಇನ್ನೊಂದ ಮಗ್ಗಲಾ ಬೇಯಬೇಕಲ್ರಿ. ನನ್ನ ಕೈ ಹಿಡದು ಸಾವಕಾಶ ಹೊರಳ್ರಿ.”

“ಹಿಂಗ ಹೇಳು ಮತ್ತ” ಅಂದಳು ಮುದುಕಿ. ಮಂಚ ಕಿರುಗುಟ್ಟಿತು.

ಸ್ವಲ್ಪ ಹೊತ್ತಿಗೆ ಸಿಸ್ಟರ್ ಮೊಮ್ಮಗಳನ್ನು ಕರೆದುಕೊಂಡೇ ಹೊರಗೆ ಬಂದರು. “ಇವತ್ತ ಕೈ ನಡಗಲಿಲ್ರಿ, ಪಾಸಾದ್ಲು. ಇಷ್ಟ ಧೈರ್ಯಾ ಎಲ್ಲಿಂದ ಬಂತ್ರಿ ಇಕಿಗಿ?”

ನಾನು ಬಾಯಿ ತೆರೆಯುವ ಮೊದಲೇ ಮೊಮ್ಮಗಳು ನನ್ನ ಹೆಗಲಿಗೆ ಕೈ ಹಾಕಿದಳು. “ಮನ್ಯಾಗ ಇದಕ್ಕಿಂತ ಜೋರಿನ ಪೇಷಂಟ್ ಅದಾಳ್ರಿ ಸಿಸ್ಟರ್!”

ಹೋಳಿಗೆಯ ಗಂಟು ಬಿಚ್ಚಿದೆ. ಸಿಸ್ಟರಿಗೊಂದು ಕೊಟ್ಟೆ, ಮೊದಲು ಕಣ್ಣೊರೆಸಿಕೊಂಡು ಬಂದಿದ್ದ ಹುಡುಗಿಯನ್ನೂ ಕರೆದು ಕೊಟ್ಟೆ. ಕಿಟಕಿಯಿಂದ ಕೂಗು ಬಂತು: “ಹೊರಳಿದಾಕಿ ನಾನ! ನನ್ನ ಹೋಳಿಗಿ ಎಲ್ಲೈತಿ?”

ಸಿಸ್ಟರ್ ನಕ್ಕು ಹೂಂ ಅಂದರು. ಮೊಮ್ಮಗಳು ಒಂದು ಹೋಳಿಗೆ ಹಿಡಿದು ಒಳಗೆ ಹೋದಳು.

“ತಿನ್ರಿ ಆಯಿ. ಚಾದರದ ಮ್ಯಾಲ ಚೂರು ಬಿದ್ರ ಮತ್ತ ಹೊರಳಸ್ತೇನಿ, ನೋಡ್ರಿ!”